ಅಪ್ಪನ ಪ್ಯಾಂಟಿನ ಒಳಹೊಲಿಗೆ

ಮೂರನೇ ಮಹಡಿ, ಮಗಳ ಮನೆ
ಮಂಗಳವಾರ, ತಾ. ೧೪

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಹೊಲಿಗೆ ಮಿಷನ್ ಮುಂದೆ ಬಗ್ಗಿ ಬಗ್ಗಿ ಕುತ್ತಿಗೆ ಹಿಡಿದುಕೊಂಡಿದೆ ಅಂದಿದ್ದೆಯಲ್ಲ, ಕಡಿಮೆಯಾಯಿತಾ? ಮಗು ಚೆನ್ನಾಗಿದ್ದಾನೆ; ರಾತ್ರಿಯೆಲ್ಲ ಆಡುತ್ತಾನೆ, ಹಗಲು ಮಲಗುತ್ತಾನೆ. ನನಗೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ. ಅಕ್ಷರ ಸೊಟ್ಟಗಾದರೆ ಬೈಯಬೇಡ, ಬೈಯುವ ಸರದಿ ಇವತ್ತು ನನ್ನದು. ಫೋನಿನಲ್ಲಿ ಬೈಯೋಣವೆಂದರೆ, ವಾರ ರಜೆ ಹಾಕಿ ಬಂದ ಅಪ್ಪ ಮೊಮ್ಮಗನನ್ನು ಬಿಟ್ಟು ಏಳುವುದಿಲ್ಲ, ಪಕ್ಕದಲ್ಲೇ ಇರುತ್ತಾರೆ. ಅದಕ್ಕೇ ಈ ಕಾಗದ. ನಾಳೆ ಆ ಕಡೆ ಹೊರಟಿರುವ ನಿನ್ನ ಅಳಿಯನ ಕೈಲಿ ಕಳಿಸುತ್ತೇನೆ.

ನಿನ್ನೆ ಮಧ್ಯಾಹ್ನ ಅಪ್ಪ ಊಟ ಮುಗಿಸಿ, ಮಗುವನ್ನು ತೊಡೆಯ ಮೇಲಿಟ್ಟುಕೊಂಡು 'ನಿಮ್ಮಮ್ಮ ಚಿಕ್ಕೋಳಿದ್ದಾಗ...' ಅಂದರು. ಮಾತು ಅಲ್ಲಿಗೇ ನಿಂತಿತು. ಅಡುಗೆಮನೆಯಿಂದ ಬಂದು ನೋಡಿದರೆ ಗೊರಕೆ. ಆಮೇಲೆ ಗೊರಕೆಯೂ ಇಲ್ಲ, ಉಸಿರೂ ಇಲ್ಲ. ಮಗು ಅವರ ಹೊಟ್ಟೆಗೂ ಕುರ್ಚಿಯ ಕೈಗೂ ನಡುವೆ ಜಾರಿ ಸಿಕ್ಕಿಕೊಂಡು ಕೆಂಪಾಗಿದ್ದ. ಕಿತ್ತುಕೊಂಡ ಹಾಗೆ ಎತ್ತಿಕೊಂಡೆ. ಅಷ್ಟರಲ್ಲಿ ಅಪ್ಪ ನೀರಿನಿಂದ ಮೇಲೆದ್ದವರಂತೆ ಉಸಿರೆಳೆದುಕೊಂಡು, 'ಹೀಗೇ ಅಳ್ತಿದ್ಲು ಕಣೋ' ಎಂದು ಮಾತು ಮುಗಿಸಿದರು. ನಿದ್ದೆ ಬಂದದ್ದೇ ಅವರಿಗೆ ಗೊತ್ತಿಲ್ಲ!

ಸಂಜೆ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಕತ್ತಿನ ಸುತ್ತ ಕೊಬ್ಬು ಸೇರಿದರೆ ಮಲಗಿದಾಗ ಗಂಟಲಿನ ದಾರಿ ಮುಚ್ಚಿಕೊಳ್ಳಬಹುದಂತೆ. ರಾತ್ರಿಯಿಡೀ ಹಾಗಾದರೆ ಹಗಲು ಕೂತಲ್ಲೇ ಜೋಂಪು. ಬಿಪಿ ಏರಿದೆ, ಸಕ್ಕರೆ ಏರಿದೆ, ಮಂಡಿ ಸವೆದಿದೆ. 'ಮೂವತ್ತರಲ್ಲಿ ಮೈ ಸುಮ್ನಿರತ್ತೆ, ಅರವತ್ತರಲ್ಲಿ ಬಿಡಲ್ಲ' ಅಂದರು. ತೂಕ ಯಾವಾಗಿನಿಂದ ಏರಿದೆ ಅಂದಿದ್ದಕ್ಕೆ ಅಪ್ಪ ಎದೆಯುಬ್ಬಿಸಿ, 'ಏರೇ ಇಲ್ಲ ಮೇಡಂ, ಐದು ವರ್ಷದಿಂದ ಇದೇ ಪ್ಯಾಂಟು!' ಅನ್ನಬೇಕೆ?

ಮನೆಗೆ ಬಂದು ಆ ಪ್ಯಾಂಟನ್ನು ಒಗೆಯಲು ತಿರುವಿದೆ. ಸೊಂಟದ ಹಿಂದೆ ಅದೇ ಬಣ್ಣದ ಬಟ್ಟೆಯ ತುಂಡು, ಪಕ್ಕದಲ್ಲಿ ಬಿಚ್ಚಿದ ಹೊಲಿಗೆಗಳ ಸೂಜಿತೂತು, ಸಾಲಿನ ಮೇಲೆ ಸಾಲು. ಅವರು ಊದಿದಾಗಲೆಲ್ಲ ಅವರಿಗೇ ತಿಳಿಯದ ಹಾಗೆ ಸಡಿಲ ಮಾಡುತ್ತಾ ಬಂದಿದ್ದೀಯ. ಥೂ, ಹೇಸಿಗೆಯಾಯಿತಮ್ಮಾ. ಅಪ್ಪನ ಮೈ ನೋಡಿ ಅಲ್ಲ. ಅವರ ಕತ್ತಿನ ಮಡಿಕೆಯ ಬೆವರನ್ನು ಮಗುವಿಗೆ ಒರೆಸಿದಂತೆಯೇ ಒರೆಸಿದ್ದೇನೆ. ಬಿಚ್ಚಿದ ಗುರುತು ಹೊರಗೆ ಕಾಣದಂತೆ ಹಾಕಿದ ನಿನ್ನ ಆ ಅಚ್ಚುಕಟ್ಟು ಇಸ್ತ್ರಿ ನೋಡಿ. 'ಪಾಪ, ಬೇಜಾರ್ ಮಾಡ್ಕೋತಾರೆ ಕಣೇ' ಅನ್ನುತ್ತೀಯ, ಗೊತ್ತು. ಇನ್ನು ಚಿಕ್ಕಪ್ಪ, 'ಅದು ಹೊಟ್ಟೆಯಲ್ಲ, ಅಣ್ಣನ ಪದವಿ' ಎಂದು ತಟ್ಟೆಗೆ ಇನ್ನಷ್ಟು ಬಡಿಸುತ್ತಾರೆ. ನಾವೆಲ್ಲ ಹಲ್ಲು ಕಿರಿಯುತ್ತೇವೆ. ಪ್ರೀತಿಯಂತೆ ಪ್ರೀತಿ! ಅವರನ್ನು ಕಳೆದುಕೊಂಡ ಮೇಲೆ ಯಾರಿಗೆ ಹೊಲಿಯುತ್ತೀ?

ಡಾಕ್ಟರಮ್ಮ ನಿದ್ದೆಯ ಪರೀಕ್ಷೆಗೆ ಬರೆದುಕೊಟ್ಟಿದ್ದಾರೆ. ತೂಕ ಇಳಿದರೆ ಸುಧಾರಿಸಬಹುದಂತೆ. ಹೊತ್ತಿಗೆ ಸರಿಯಾಗಿ ಉಂಡು ಮಲಗು. ಚಿಕ್ಕಪ್ಪನಿಗೆ ನಮಸ್ಕಾರ, ಅವರ ಜೋಕಿಗಲ್ಲ.

ಸಿಟ್ಟಿನಲ್ಲೂ ನಿನ್ನವಳೇ ಆದ,
ಗುಬ್ಬಿ

ತಾ.ಕ.: ಮರೆತೆ ಅಂದರೆ ಸುಳ್ಳಾಗುತ್ತದೆ, ಬರೆಯಲು ಕೈ ಬರಲಿಲ್ಲ. ಬೆಳಿಗ್ಗೆ ಅಪ್ಪ ಬಸ್ಸು ಓಡಿಸುವ ಶಾಲೆಯ ಆಫೀಸಿಗೆ ಫೋನ್ ಮಾಡಿದೆ. ಕೂತಲ್ಲೇ ನಿದ್ದೆ ಹೋಗುತ್ತಾರೆ, ಡಾಕ್ಟರು ಸರಿ ಅನ್ನುವತನಕ ಮಕ್ಕಳ ಬಸ್ಸು ಅವರ ಕೈಗೆ ಕೊಡಬೇಡಿ ಅಂದೆ. ಒಪ್ಪಿದರು. ಅಪ್ಪನಿಗೆ ಇನ್ನೂ ಹೇಳಿಲ್ಲ. ಈಗ ತೊಟ್ಟಿಲ ಪಕ್ಕ ಕೂತು ಮೊಮ್ಮಗನಿಗೆ ಹೇಳುತ್ತಿದ್ದಾರೆ: 'ಸೋಮವಾರ ತಾತ ಹೋಗ್ಲೇಬೇಕು ಕಣೋ, ಸ್ಟಾಪಲ್ಲಿ ಮಕ್ಕಳು ಕಾಯ್ತಿರ್ತಾವೆ.'