ಜಟಗನ ಗೋಡೆಯ ಹುಳ

ಕಾಸರಕೋಡ
೮ ಅಕ್ಟೋಬರ್ ೨೦೨೪

ಮಗಳು ಚಂದನಾಳಿಗೆ ಆಯಿಯ ಆಶೀರ್ವಾದ.

ಏಳನೇ ಇಯತ್ತೆ ಮುಗಿದ ಮೇಲೆ ನಾನು ಇಷ್ಟು ಉದ್ದ ಬರೆದವಳಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ದನಿ ಕೇಳಿದ ಕೂಡಲೇ ಬೇರೇನೋ ಹೇಳಿ ಇಟ್ಟುಬಿಡುತ್ತೇನೆ. ಬೆಳಗಿನಿಂದ ಒಣಮೀನು ಹರವಿದ್ದು, ತೆಗೆದದ್ದು, ಮತ್ತೆ ಹರವಿದ್ದು, ಇಷ್ಟೇ ಕೆಲಸ. ಕೂತಲ್ಲಿ ಕೂರಲಾಗುತ್ತಿಲ್ಲ.

ಮೊನ್ನೆ ಭಾನುವಾರ ಜಟಗನ ಗುಡ್ಡಕ್ಕೆ ಹೋಗಿದ್ದೆ. ನೀನು ಹುಳಗಳ ಸಂಶೋಧನೆಗೆಂದು ಸಮುದ್ರದ ನಡುವಿನ ಆ ಗುಡ್ಡಕ್ಕೆ ಹೋದಾಗಲೆಲ್ಲ ನನ್ನ ಜೀವ ಕೈಯಲ್ಲಿರುತ್ತಿತ್ತು. ಮಗಳನ್ನು ದಡ ಮುಟ್ಟಿಸಪ್ಪಾ, ನಿನ್ನ ಗುಡಿಗೆ ಸುಣ್ಣ ಬಳಿಯುತ್ತೇನೆ ಎಂದು ಜಟಗನಿಗೆ ಹರಕೆ ಹೇಳಿಕೊಂಡಿದ್ದೆ. ನಗುತ್ತೀ ಅಂತ ನಿನಗೆ ಹೇಳಿರಲಿಲ್ಲ.

ನೆರೆಮನೆಯ ಶನಿಯಾರನ ದೋಣಿಯಲ್ಲಿ ಚಿಪ್ಪಿಸುಣ್ಣ ಹೇರಿಕೊಂಡು ಹೋದೆವು. ಗೋಡೆಯ ಪಾಚಿಯನ್ನು ತೆಂಗಿನ ನಾರಿನಿಂದ ತಿಕ್ಕಿ ತೆಗೆದು, ಎರಡು ಸಲ ಬಳಿದೆವು. “ಆತು ದುರ್ಗಕ್ಕ, ಹರಕೆ ತೀರ್ತು, ಇನ್ನೆಂತ ಹೆದ್ರಿಕೆ?” ಅಂದ ಶನಿಯಾರ.

ನಿನ್ನೆ ನೀನು ಫೋನ್ ಮಾಡಿ, ಸಾಸಿವೆಯಷ್ಟಿರುವ ಆ ಬಸವನಹುಳು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲವಂತೆ, ಆ ಗುಡ್ಡದಲ್ಲೂ ಗುಡಿಗೋಡೆಯ ಪಾಚಿಯಲ್ಲಿ ಮಾತ್ರ ಇದೆ, ಮುಂದಿನ ವಾರ ನಮ್ಮ ಸರ್ ನೋಡಲು ಬರುತ್ತಾರೆ ಎಂದು ಒಂದೇ ಉಸಿರಿಗೆ ಹೇಳಿದೆ. ಸಾರು ಉಕ್ಕುತ್ತಿದೆ ಎಂದು ಫೋನ್ ಇಟ್ಟೆ. ಒಲೆಯ ಮೇಲೆ ಏನೂ ಇರಲಿಲ್ಲ.

ಗಣಪತಿ ಮಾಡಲು ಹೋಗಿ ಅವನಪ್ಪನನ್ನು ಮಾಡಿದ ಹಾಗಾಯಿತು ಮಗಾ. ಎರಡು ವರ್ಷದ ನಿನ್ನ ಕಷ್ಟವನ್ನು ನಾನೇ ತಿಕ್ಕಿ ಹಾಕಿದೆ. ಮಳೆಗೆ ತೊಳೆದು ಹೋಯಿತು ಅಂದುಬಿಡು ಎನ್ನುತ್ತಾರೆ ನಿನ್ನ ಅಪ್ಪ. ನನಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ತಿಕ್ಕುವಾಗ ಒಂದು ಹುಳವೂ ಕಣ್ಣಿಗೆ ಬೀಳಲಿಲ್ಲ, ಬಿದ್ದಿದ್ದರೆ ಬಿಡುತ್ತಿದ್ದೆನೇ?

ಹಿಂದಿನ ಗೋಡೆಗೆ ಸುಣ್ಣ ಸಾಲದೆಂದು ಅದನ್ನು ತಿಕ್ಕಲಿಲ್ಲ. ಅಲ್ಲಿನ ಪಾಚಿ ಹಾಗೆಯೇ ಇದೆ, ನಾಲ್ಕಾದರೂ ಬದುಕಿರಬಹುದು. ಸರ್ ಬರುವ ಮೊದಲೇ ಬಾ. ಬೈಯುವುದಿದ್ದರೆ ಬಂದು ಎದುರಿಗೇ ಬೈಯು. ಗುಡ್ಡಕ್ಕೆ ನಾನೂ ಬರುತ್ತೇನೆ, ಹುಡುಕೋಣ.

ನಿನ್ನ ಆಯಿ,
ದುರ್ಗಿ

ತಾ.ಕ.: ಕಾಗದ ಮಡಚಿ ಮತ್ತೆ ಬಿಚ್ಚಿದೆ. ಹುಳ ಕಂಡಿತ್ತು. ಒಂದಲ್ಲ, ಹತ್ತಾರು. ನೀನು ಮೊಬೈಲಿನಲ್ಲಿ ತೋರಿಸಿದ್ದು ಇವನ್ನೇ ಎಂದು ಗುರುತೂ ಸಿಕ್ಕಿತು. ಇವು ಹೋದರೆ ಮಗಳು ಇನ್ನು ದೋಣಿ ಹತ್ತುವುದಿಲ್ಲ ಅಂದುಕೊಂಡೆ. ಕೈ ನಿಲ್ಲಿಸಲಿಲ್ಲ.