ಅಪ್ಪ ತಲೆಕೆಳಗಾಗಿ ಕೂರಿಸಿದ ಹಡಗು

ಪುಟ್ಟಿ,

ಡ್ಯೂಟಿಗೆ ಹೊರಟೆ. ಪೋರ್ಚುಗೀಸರ ಹಳೇ ಊರು ನೋಡೋಕೆ ನೀನು ಹಾಕಿರೋ ಪ್ಲಾನ್ ಓದಿದೆ. ಒಂದೇ ದಿನಕ್ಕೆ ಐದು ಚರ್ಚು, ಎರಡು ಕೋಟೆ. ಅಮ್ಮನ ಮಂಡಿ ಏನು ಕಬ್ಬಿಣದ್ದಾ? ಕೋಟೆ ಎರಡನ್ನೂ ಹೊಡೆದುಹಾಕಿದ್ದೀನಿ, ಮುಖ ಊದಿಸ್ಕೋಬೇಡ.

ಮೊದಲು ಹಳೇ ಸುಂಕದ ಕಟ್ಟೆಗೆ ಹೋಗೋಣ. ಅದರ ರಿಪೇರಿ ಕೆಲಸಕ್ಕೆ ಹೋಗಿದ್ದಾಗ ಅಪ್ಪ ಮೆಟ್ಟಿಲ ಪಕ್ಕದ ಗೋಡೇಲಿ ನೀಲಿ ಹಡಗಿನ ಟೈಲ್ ಒಂದನ್ನ ತಲೆಕೆಳಗಾಗಿ ಕೂರಿಸಿಬಿಟ್ಟಿದ್ರಲ್ಲ, ಅದನ್ನ ಅಮ್ಮ ನೋಡಬೇಕು. ಸಾಯೋ ಹಿಂದಿನ ದಿನ ಆಸ್ಪತ್ರೇಲೂ ಅಪ್ಪಂದು ಅದೇ ಮಾತು: "ಒಂದ್ಸಲ ಹೋಗಿ ಸರಿಮಾಡಿ ಬರಬೇಕು."

ಟಿಕೆಟ್ ಇವತ್ತೇ ಮಾಡು. ಅಮ್ಮಂಗೆ ಕೆಳಗಿನ ಬರ್ತೇ ಇರಲಿ. ಒಣಗಿದ ಬಟ್ಟೆ ಒಳಗೆ ತಗೋ.

ಇಷ್ಟು ವರ್ಷದಲ್ಲಿ ಯಾರೂ ಆ ಹಡಗನ್ನ ಸರಿಮಾಡಿರದಿದ್ದರೆ ಸಾಕು ಕಣೇ.

ಅಕ್ಕ