ಎರಡನೇ ನಂಬರಿನ ಮೈಕು

ಒಸಾಕಾ
6 ಅಕ್ಟೋಬರ್ 2019

ಪ್ರೀತಿಯ ಸವಾಕೊಗೆ, ಅಣ್ಣ ಕುನಿಹಿಕೊ ಮಾಡುವ ಆಶೀರ್ವಾದಗಳು.

ಕಾಗದದ ಮೊದಲ ಸಾಲಿನಲ್ಲಿ ಋತುವಿನ ವಿಚಾರ ಬರೆಯುವುದು ಸಭ್ಯಸ್ಥರ ಲಕ್ಷಣ ಎಂದು ಅಮ್ಮ ಹೇಳಿಕೊಟ್ಟಿದ್ದಳಲ್ಲ, ಅದಕ್ಕೇ ಬರೆಯುತ್ತಿದ್ದೇನೆ: ಸೆಕೆ ಹೋಯಿತು, ಸೊಳ್ಳೆ ಹೋಗಿಲ್ಲ. ಋತುವರ್ಣನೆ ಮುಗಿಯಿತು. ಇನ್ನು ಕ್ಷಮಾಪಣೆ. ನೀನು ಆಸ್ಪತ್ರೆಯಿಂದ ಮನೆಗೆ ಬಂದು ಇಷ್ಟು ದಿನವಾದರೂ ಒಂದು ಕಾಗದ ಹಾಕಲಿಲ್ಲ. ಹುಟ್ಟಿದಾಗಿನಿಂದ ನಿನ್ನ ಜೊತೆ ಬಾಯಲ್ಲೇ ಜಗಳವಾಡಿದವನು ನಾನು. ಪೆನ್ನಿನಲ್ಲಿ ಹೇಗೆ ಶುರು ಮಾಡುವುದೆಂದು ತಿಳಿಯಲಿಲ್ಲ. ಫೋನ್ ಮಾಡೋಣವೆಂದರೆ ಈ ಕಡೆಯಿಂದ ನಾನೊಬ್ಬನೇ ಮಾತಾಡಬೇಕು. ನಡುವೆ ‘ಸಾಕು ಬಾಯ್ಮುಚ್ಚು’ ಅನ್ನುವವರಿಲ್ಲದಿದ್ದರೆ ನನ್ನ ಮಾತು ಎಲ್ಲಿ ನಿಲ್ಲುತ್ತದೆಂದು ನನಗೇ ಗೊತ್ತಿಲ್ಲ.

ಒಂದು ತಿಂಗಳ ಹಿಂದೆ ನಿನ್ನ ಗಂಡ ಮೊತೊಹಾರು ಫೋನ್ ಮಾಡಿದ್ದರು. ನೀನು ಒಳಗೆ ಮಲಗಿದ್ದೆಯಂತೆ. ಒಣಮೀನಿನ ಅಂಗಡಿಯನ್ನು ಈಗ ಅವರೊಬ್ಬರೇ ನೋಡಿಕೊಳ್ಳುತ್ತಿರುವುದು ನನಗೆ ಗೊತ್ತು. ಕೊಕುರಾ ಮಾರುಕಟ್ಟೆಯಲ್ಲಿ ಈ ತುದಿಯಿಂದ ಆ ತುದಿಗೆ ಕೇಳಿಸುತ್ತಿದ್ದ ಕೂಗು ನಿನ್ನದು. ಅವರು ಗಿರಾಕಿಯನ್ನು ಕೂಗಿದರೆ ಗಿರಾಕಿಯ ಹತ್ತಿರ ಕ್ಷಮೆ ಕೇಳಿದ ಹಾಗಿರುತ್ತದೆ.

“ಭಾವ, ಅವಳು ಆ ಸಂಘಕ್ಕೆ ಹೋಗೋದು ಬಿಟ್ಬಿಟ್ಳು,” ಅಂದರು.

“ಯಾಕಂತೆ?”

“ಹಲಗೆ ಮೇಲೆ ಬರೆದು ತೋರಿಸಿದ್ಳು. ‘ಅದು ಮಾತಲ್ಲ, ತೇಗು. ನಾಯಿನೂ ಹೆದರುತ್ತೆ’ ಅಂತ.”

ನನಗೆ ನಗು ಬಂತು, ಕ್ಷಮಿಸು. ಧ್ವನಿಪೆಟ್ಟಿಗೆ ತೆಗೆಸಿಕೊಂಡವರಿಗೆ, ಗಾಳಿ ನುಂಗಿ ಅದನ್ನು ಮತ್ತೆ ಮೇಲಕ್ಕೆ ತಂದು ಮಾತಾಗಿಸುವುದನ್ನು ಅಲ್ಲಿ ಕಲಿಸುತ್ತಾರಂತೆ. ಕಲಿಸುವವರೂ ಧ್ವನಿ ಕಳೆದುಕೊಂಡವರೇ ಅಂತೆ. ತೇಗಿಗೂ ಒಂದು ಪಾಠಶಾಲೆ! ಅಪ್ಪ ಊಟವಾದ ಮೇಲೆ ತೇಗುತ್ತಿದ್ದದ್ದು ನೆನಪಿದೆಯಾ? ಈಗ ಬದುಕಿದ್ದಿದ್ದರೆ ಅವರನ್ನೇ ಮುಖ್ಯೋಪಾಧ್ಯಾಯರನ್ನಾಗಿ ಮಾಡುತ್ತಿದ್ದರು. ಆದರೆ ಮೊತೊಹಾರು ಇನ್ನೊಂದು ಮಾತು ಹೇಳಿದರು, ಅದಕ್ಕೆ ನಗು ಬರಲಿಲ್ಲ. ನೀನು ಅವರ ಎದುರಿಗೂ ಒಂದು ಸದ್ದು ಮಾಡಿಲ್ಲವಂತೆ. ಮನೆಗೆ ಯಾರೂ ಬರಬಾರದು ಅಂದಿದ್ದೀಯಂತೆ. ಹೀಗೇ ಬಿಟ್ಟರೆ ಗಂಟಲು ಕಲಿಯುವುದನ್ನೇ ಮರೆತುಬಿಡುತ್ತದೆಂದು ಸಂಘದವರು ಹೇಳಿದ್ದಾರಂತೆ.

ಡಾಕ್ಟರು ನಿನ್ನ ಒಂದು ಪೆಟ್ಟಿಗೆ ತೆಗೆದರು. ಸರಿ, ನಾನು ಇನ್ನೊಂದು ಪೆಟ್ಟಿಗೆ ಹುಡುಕಲು ಹೊರಟೆ.

ಚಿಕ್ಕಂದಿನಲ್ಲಿ ಟಿವಿಗೆ ಸಿಕ್ಕಿಸಿ ಆಟವಾಡುತ್ತಿದ್ದ ನಮ್ಮ ಕೆಂಪು-ಬಿಳಿ ಫ್ಯಾಮಿಕಾಮ್ ಪೆಟ್ಟಿಗೆ ನೆನಪಿದೆ ತಾನೆ? ಎರಡು ಕಂಟ್ರೋಲರುಗಳು, ಎರಡರ ವೈರಿನ ಬಾಲವೂ ಪೆಟ್ಟಿಗೆಯೊಳಗೇ ಹುಟ್ಟಿದ್ದು. ಒಂದನೇ ನಂಬರು ಹಿರಿಯರಿಗೆ, ಅಂದರೆ ನನಗೆ. ಆಟ ಶುರು ಮಾಡುವ ಗುಂಡಿ ಅದರಲ್ಲಿ ಮಾತ್ರ ಇತ್ತು. ಎರಡನೇ ನಂಬರಿನಲ್ಲಿ ಶುರು ಮಾಡುವಂತಿಲ್ಲ, ನಿಲ್ಲಿಸುವಂತಿಲ್ಲ. ಕಿರಿಯರು ಬಾಯಿ ಮಾಡುತ್ತಾರೆಂದು ಮೊದಲೇ ತಿಳಿದವರ ಹಾಗೆ, ಮಾಡಿದವರು ಅದರಲ್ಲಿ ಗುಂಡಿಯ ಬದಲು ಒಂದು ಪುಟ್ಟ ಮೈಕು ಇಟ್ಟಿದ್ದರು. ನಮ್ಮ ‘ಬಾವಲಿ ಬೆಟ್ಟ’ ಆಟದಲ್ಲಿ ಗುಹೆಯ ತುಂಬ ಬಾವಲಿ ಮುತ್ತಿದಾಗ ನಾನು ಪಂಜು ಹಿಡಿದು ಓಡುವುದು, ನೀನು ಮೈಕಿಗೆ ಬಾಯಿಟ್ಟು “ಅಣ್ಣ ಪೆದ್ದ!” ಎಂದು ಕೂಗುವುದು. ನಿನ್ನ ಕೂಗು ಟಿವಿಯೊಳಗಿಂದ ಬರುತ್ತಿತ್ತು. ಬಾವಲಿಗಳು ಪಟಪಟ ಉದುರುತ್ತಿದ್ದವು. ಪಕ್ಕದ ಮನೆಯ ಚಾಪೆ ನೇಯುವ ಮುದುಕ ಗೋಡೆ ಗುದ್ದುತ್ತಿದ್ದ.

ಈಗ ಈ ಪೆಟ್ಟಿಗೆಗಳು ನಿಪ್ಪೊನ್‌ಬಾಶಿಯ ಹಳೇ ಸಾಮಾನಿನ ಅಂಗಡಿಗಳಲ್ಲಿ, ಬುಟ್ಟಿಗಳಲ್ಲಿ ಬಿದ್ದಿವೆ. ಬಿಳಿ ಭಾಗ ಹಳದಿಯಾಗಿ ನಮ್ಮ ಹಲ್ಲಿನ ಹಾಗೆ ಕಾಣುತ್ತದೆ. ಮೇಲೊಂದು ಚೀಟಿ: ‘ಜಂಕ್. ಪರೀಕ್ಷಿಸಿಲ್ಲ. ವಾಪಸ್ ಇಲ್ಲ, ದೂರು ಕೇಳುವುದಿಲ್ಲ.’ ಹಿಸಾಯೆ ಅದನ್ನು ಓದಿ, “ರೀ, ಇದನ್ನೇ ನಮ್ಮತ್ತೆ ಮದುವೆ ದಿನ ನಿಮ್ಮ ಬೆನ್ನಿಗೆ ಅಂಟಿಸಿದ್ರೆ ಚೆನ್ನಾಗಿತ್ತು,” ಅಂದಳು. ಇದು ನಿನ್ನ ಅತ್ತಿಗೆಯ ಮಾತು. ನಿನಗೆ ಖುಷಿಯಾಗಲಿ ಎಂದು ಬರೆದಿದ್ದೇನೆ.

ಒಂದು ಅಂಗಡಿಯಲ್ಲಿ ಮುರೋಯಿ ಎಂಬ ಬೊಜ್ಜಿನ ಯಜಮಾನ. “ಮೈಕು ಕೆಲಸ ಮಾಡುತ್ತಾ?” ಅಂದೆ.

“ಎರಡನೇ ನಂಬರಿನ ಮೈಕಾ? ಮೂವತ್ತು ವರ್ಷದಲ್ಲಿ ಅದನ್ನ ಕೇಳಿದೋರು ನೀವೇ ಮೊದಲು, ಯಜಮಾನ್ರೇ. ಹಚ್ಚಿ ಕೊಡ್ತೀನಿ, ಕೂಗಿ ನೋಡ್ಕೊಳಿ.”

“ಏನಂತ ಕೂಗಲಿ?”

“ಏನಾದ್ರೂ. ಅದಕ್ಕೆ ಅಕ್ಷರ ಬರಲ್ಲ. ಗಲಾಟೆ ಒಂದೇ ಬರೋದು.”

ನನಗೆ ಬೇರೇನೂ ಹೊಳೆಯಲಿಲ್ಲ. ಜನ ತುಂಬಿದ ಅಂಗಡಿಯ ನಡುವೆ, ನೀರಿನ ಕಂದಾಯ ಇಲಾಖೆಯ ಹಿರಿಯ ಗುಮಾಸ್ತನಾದ ನಾನು, ಕುತ್ತಿಗೆ ಉಬ್ಬಿಸಿ “ಅಣ್ಣ ಪೆದ್ದ!” ಎಂದು ಕೂಗಿದೆ. ಸದ್ದಿಲ್ಲ. ಎರಡನೇ ಪೆಟ್ಟಿಗೆ. “ಅಣ್ಣ ಪೆದ್ದ!” ಸದ್ದಿಲ್ಲ. ಹಿಸಾಯೆ ಎದುರಿನ ಅಂಗಡಿಗೆ ಹೋಗಿ ನನ್ನ ಪರಿಚಯವೇ ಇಲ್ಲದವಳ ಹಾಗೆ ಬ್ಯಾಟರಿ ಆರಿಸುತ್ತ ನಿಂತಳು. ಹೀಗೆ ಹಲವು ಶನಿವಾರ ನನ್ನನ್ನು ನಾನೇ ಬೈದುಕೊಂಡ ಮೇಲೆ, ನಿನ್ನೆ ಒಂದು ಪೆಟ್ಟಿಗೆ ನನ್ನ ಬೈಗುಳವನ್ನು ನನಗೇ ತಿರುಗಿ ಹೇಳಿತು. ಮುರೋಯಿ ಚಪ್ಪಾಳೆ ತಟ್ಟಿದ. “ಒಪ್ಕೊಂಡ್ತು ನೋಡಿ, ಯಜಮಾನ್ರೇ!”

ಈಗಿನ ಚಪ್ಪಟೆ ಟಿವಿಗೆ ಇದು ಹೊಂದುವುದಿಲ್ಲವಂತೆ. ಒಂದು ಡಬ್ಬ ಟಿವಿ ಕೊರಿಯರ್‌ನಲ್ಲಿ ಬರುತ್ತಿದೆ, ಹೆದರಬೇಡ. ಪೆಟ್ಟಿಗೆಯನ್ನು ಬರುವ ಶನಿವಾರ ನಾನೇ ತರುತ್ತೇನೆ. ಬಾಗಿಲು ತೆಗೆಯದಿದ್ದರೆ ಬೀದಿಯಲ್ಲೇ ನಿಂತು ಕೂಗುತ್ತೇನೆ. ಏನೆಂದು ಕೂಗುತ್ತೇನೆಂದು ನಿನಗೆ ಗೊತ್ತು.

ನಿನ್ನ ಅಣ್ಣ,
ಕುನಿಹಿಕೊ


ಒಸಾಕಾ
10 ನವೆಂಬರ್

ಪ್ರೀತಿಯ ಸವಾಕೊ,

ಹೋಗಿ ಬಂದವನು ತಲುಪಿದೆ ಎಂದು ಒಂದು ಸಾಲೂ ಬರೆಯದೆ ಇಷ್ಟು ದಿನ ಕಳೆದೆ. ಕಚೇರಿಯಲ್ಲಿ ಕೆಲಸ, ಹಿಸಾಯೆಗೆ ನೆಗಡಿ, ನನಗೆ ಸೋಮಾರಿತನ. ಮೂರರಲ್ಲಿ ಯಾವುದಾದರೊಂದು ಕಾರಣವನ್ನು ನೀನೇ ಆರಿಸಿಕೊಂಡು ಕ್ಷಮಿಸು.

ರೈಲಿನ ಕತೆಯನ್ನು ನಿನಗೆ ಹೇಳಲೇ ಇಲ್ಲ. ಅವತ್ತು ಬಣ್ಣದ ಬಟ್ಟೆಯೆಲ್ಲ ಒಗೆಯಲು ಬಿದ್ದಿತ್ತೆಂದು ಹಿಸಾಯೆ ಪೆಟ್ಟಿಗೆಯನ್ನು ಚೌಕಾಕಾರದ ಡಬ್ಬದಲ್ಲಿಟ್ಟು ಬಿಳಿ ಬಟ್ಟೆ ಸುತ್ತಿ, ಮೇಲೆ ಗಂಟು ಹಾಕಿ ಕೊಟ್ಟಳು. ಒಡೆದೀತೆಂದು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಹಿಡಿದು ಕೂತೆ. ಹಿರೋಶಿಮಾ ದಾಟುವ ಹೊತ್ತಿಗೆ ಪಕ್ಕದ ಸೀಟಿನ ಅಜ್ಜಿ ಕಿತ್ತಳೆ ಸುಲಿಯುವುದನ್ನು ನಿಲ್ಲಿಸಿ, ಡಬ್ಬಕ್ಕೆ ಕೈ ಮುಗಿದು, “ಯಾರದಪ್ಪಾ?” ಅಂದಳು.

“ನನ್ನ ತಂಗೀದು, ಅಜ್ಜಿ,” ಅಂದೆ.

“ಅಯ್ಯೋ! ಚಿಕ್ಕ ವಯಸ್ಸಾ?”

“ನನಗಿಂತ ನಾಕು ವರ್ಷ ಚಿಕ್ಕೋಳು.”

“ಹೆಂಗಾಯ್ತು?”

“ಗಂಟಲು ಕೆಟ್ಟಿತ್ತು. ಈಗ ಮನೆಗೆ ಕೊಡೋಕೆ ಹೋಗ್ತಿದೀನಿ.”

ಅಜ್ಜಿ ಕಣ್ಣೊರೆಸಿಕೊಂಡಳು. ಸುಲಿದ ಕಿತ್ತಳೆಯ ಅರ್ಧವನ್ನು ಡಬ್ಬದ ಮೇಲೆ ಇಟ್ಟಳು. ಆಗ ತಿಳಿಯಿತು, ಬಿಳಿ ಬಟ್ಟೆ ಸುತ್ತಿದ ಡಬ್ಬ ಕಂಡು ಅವಳು ಅದನ್ನು ಸತ್ತವರ ಅಸ್ಥಿಯೆಂದುಕೊಂಡಿದ್ದಾಳೆಂದು. ಹಿಂದಿನ ಸೀಟಿನವರೂ ತಲೆ ಬಾಗಿಸಿದರು. ಇದರೊಳಗೆ ಬಾವಲಿ ಆಟವಿದೆ ಎಂದು ಹೇಳಹೊರಟವನು, ಅವರಿಗೆಲ್ಲ ತಿರುಗಿ ತಲೆ ಬಾಗಿಸಿದೆ. ಕೊಕುರಾ ಬರುವವರೆಗೂ ನಿನ್ನ ಅಸ್ಥಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಹತ್ತು ಸಲ ಹೇಳಿಕೊಂಡೆ, ಬದುಕಿದ್ದಾಳೆ, ಬದುಕಿದ್ದಾಳೆ ಎಂದು. ಕಿತ್ತಳೆ ನಾನೇ ತಿಂದೆ. ಹುಳಿಯಿತ್ತು.

ಮುಂದಿನದು ನಿನಗೆ ಗೊತ್ತಿರುವುದೇ. ಆದರೂ ಬರೆಯುತ್ತೇನೆ, ನನ್ನ ಕಡೆಯಿಂದ ಹೇಗಿತ್ತೆಂದು ನಿನಗೆ ಗೊತ್ತಿಲ್ಲ. ನೀನು ಹಿಂದಿನ ಕೋಣೆಯಿಂದ ಹೊರಗೇ ಬರಲಿಲ್ಲ. ಮೊತೊಹಾರು ಚಹಾ ಕೊಟ್ಟು, ಬಾಗಿಲ ಕಡೆ ನೋಡಿ, “ಭಾವ, ಬೇಜಾರು ಮಾಡ್ಕೋಬೇಡಿ,” ಎಂದು ಒಣಮೀನು ಸುಡಲು ಹೋದರು. ನಾನು ಟಿವಿ ಹಚ್ಚಿ ಒಬ್ಬನೇ ಆಡತೊಡಗಿದೆ. ಮೊದಲ ಗುಹೆಯಲ್ಲಿ ಸತ್ತೆ. ಮತ್ತೆ ಸತ್ತೆ. ಬೇಕೆಂದು ಸಾಯುತ್ತಿದ್ದೆ ಎಂದು ನೀನು ಭಾವಿಸಿದ್ದರೆ ಅದು ನನಗೆ ಸಲ್ಲದ ಗೌರವ. ಬೆರಳುಗಳಿಗೆ ನಿಜವಾಗಿಯೂ ವಯಸ್ಸಾಗಿದೆ. ಕೊನೆಗೆ ಬಾಗಿಲು ಸರಿದ ಸದ್ದಾಯಿತು. ನನ್ನ ಹೆಗಲ ಮೇಲಿಂದ ಹಲಗೆ ಬಂತು:

‘ನೀನು ಇನ್ನೂ ಹೀಗೇ ಆಡ್ತೀಯಾ? ನಾಚಿಕೆ ಆಗಲ್ವಾ?’

“ಬಾವಲಿ ಬಂದ್ರೆ ನಾನೇನು ಮಾಡ್ಲಿ? ಕೂಗೋರು ಯಾರು?” ಅಂದೆ.

ನೀನು ಕೊರಳಿಗೆ ಹೂವಿನ ಕರವಸ್ತ್ರ ಕಟ್ಟಿಕೊಂಡಿದ್ದೆ. ನನ್ನ ಪಕ್ಕದಲ್ಲಿ ಕೂರಲಿಲ್ಲ, ಹಿಂದೆ ಕೂತೆ. ಎರಡನೇ ನಂಬರನ್ನು ಎತ್ತಿಕೊಂಡದ್ದು ಬಾಲ ಎಳೆದಾಗ ತಿಳಿಯಿತು. ಮೂರನೇ ಗುಹೆಯಲ್ಲಿ ಬಾವಲಿಗಳು ಮುತ್ತಿದವು. “ಕೂಗೇ!” ಅಂದೆ. ಒಂದು ಪ್ರಾಣ ಹೋಯಿತು. “ಸವಾಕೊ, ಕೂಗೇ, ಸಾಯ್ತಿದೀನಿ ಕಣೇ!” ಇನ್ನೊಂದು ಪ್ರಾಣ ಹೋಯಿತು. ಉಳಿದದ್ದು ಒಂದೇ. ಆಗ ಟಿವಿಯೊಳಗಿಂದ ಬಂತು, ಮೋರಿಯಲ್ಲಿ ಸಿಕ್ಕಿದ ನೀರು ಒಮ್ಮೆಗೇ ಬಿಟ್ಟ ಹಾಗೆ:

“ಅ.”

ಬಾವಲಿಗಳು ಉದುರಿದವು. ಎಲ್ಲವೂ. ಅಡುಗೆಮನೆಯಲ್ಲಿ ಮೊತೊಹಾರು ಕೈಯಿಂದ ಏನೋ ಕೆಳಗೆ ಬಿತ್ತು. ಮುಂದಿನ ಗುಹೆಯಲ್ಲಿ ನೀನು ಇನ್ನೊಮ್ಮೆ ಕೂಗಿದೆ. ಅಲ್ಲಿನವೂ ಉದುರಿದವು. ನಿಜ ಹೇಳುತ್ತೇನೆ, ಸದ್ದು ಚೆನ್ನಾಗಿರಲಿಲ್ಲ. ನಾಯಿ ಹೆದರುವುದೂ ನಿಜವೇ ಇರಬಹುದು. ಆದರೆ ಅದು ನಿನ್ನದು. ಬೇರೆ ಯಾರ ತೇಗೂ ನನ್ನ ಮೇಲೆ ಅಷ್ಟು ಸಿಟ್ಟಿನಿಂದ ಬರುವುದಿಲ್ಲ.

ರೈಲು ನಿಲ್ದಾಣಕ್ಕೆ ಬಿಡಲು ಬಂದ ಮೊತೊಹಾರು ಟಿಕೇಟಿನ ಗೇಟಿನ ಹತ್ತಿರ ಹೇಳಿದರು, “ಭಾವ, ಜೂನಲ್ಲಿ ಆಪರೇಶನ್ ಆದ್ಮೇಲೆ ಇದೇ ಮೊದಲು ನಾನು ಅವಳ ದನಿ ಕೇಳಿದ್ದು. ನನಗಂತ ಅಲ್ಲ, ಬಾವಲಿಗಂತ ಮಾಡಿದ್ದು. ಪರವಾಗಿಲ್ಲ.”

ಗುರುವಾರ ನೀನು ಸಂಘಕ್ಕೆ ಹೋಗಲಿಲ್ಲವಂತೆ. ಅದರ ಮುಂದಿನ ಗುರುವಾರವೂ ಇಲ್ಲ. ಪೆಟ್ಟಿಗೆಯನ್ನು ಬಟ್ಟೆ ಮುಚ್ಚಿ ಮೂಲೆಗಿಟ್ಟಿದ್ದೀಯಂತೆ. ನಾನು ಬಲವಂತ ಮಾಡುವುದಿಲ್ಲ. ಮಾಡಿದರೆ ನೀನು ಕೇಳುವವಳೂ ಅಲ್ಲ. ಅಲ್ಲಿ ಇನ್ನೂ ‘ಅ’ದಲ್ಲೇ ಇರುವವರು ಬೇಕಾದಷ್ಟು ಜನ ಇದ್ದಾರಂತೆ, ಅಷ್ಟನ್ನೇ ಹೇಳುತ್ತೇನೆ. ನಿನ್ನ ಗಂಡನ ಮಾತಿನ ಕೊನೆಯಲ್ಲಿದ್ದ ‘ಪರವಾಗಿಲ್ಲ’ವನ್ನು ಮಾತ್ರ ಒಮ್ಮೆ ಯೋಚಿಸು.

ಚಳಿ ಬರುತ್ತಿದೆ, ಕೊರಳಿಗೆ ತಂಡಿ ಗಾಳಿ ತಗುಲದಂತೆ ನೋಡಿಕೋ. ಹೊಟ್ಟೆ ತುಂಬ ಉಣ್ಣು. ನೂರು ವರ್ಷ ಬಾಳು, ನನ್ನ ತಲೆ ತಿನ್ನು.

ನಿನ್ನ ಅಣ್ಣ,
ಕುನಿಹಿಕೊ

ತಾ.ಕ.: ಇಷ್ಟು ದಿನ ಬರೆಯದಿದ್ದಕ್ಕೆ ಕೊಟ್ಟ ಮೂರು ಕಾರಣಗಳೂ ಸುಳ್ಳು. ಕೇಳಬೇಕಾದದ್ದು ಒಂದಿದೆ, ಅದಕ್ಕೆ ಧೈರ್ಯ ಬರಲಿಲ್ಲ. ಎರಡನೇ ಸಲ ಬಾವಲಿಗಳು ಬಿದ್ದ ಮೇಲೆ, ಗುಹೆ ಬದಲಾಗುವಾಗ ಪರದೆ ಒಂದು ಕ್ಷಣ ಕಪ್ಪಾಗುತ್ತದಲ್ಲ, ಆಗ ಟಿವಿಯ ಗಾಜಿನಲ್ಲಿ ನೀನು ಕಂಡೆ. ಮುಖಕ್ಕೆ ಅಂಗೈ ಒತ್ತಿಕೊಂಡಿದ್ದೆ, ಭುಜ ಕುಲುಕುತ್ತಿತ್ತು. ಸದ್ದಿರಲಿಲ್ಲ. ನಗುತ್ತಿದ್ದೀಯ ಎಂದುಕೊಂಡು ನಾನೂ ಜೋರಾಗಿ ನಕ್ಕೆ. ರೈಲು ಹತ್ತಿದ ಮೇಲೆ ಅನುಮಾನ ಬಂತು. ಮೊದಲಾದರೆ ಗೋಡೆಯಾಚೆಯಿಂದಲೇ ಗೊತ್ತಾಗುತ್ತಿತ್ತು. ಈಗ ನಿನ್ನ ನಗು ಅಳು ಎರಡೂ ಒಂದೇ ಥರ ಇವೆ, ತಿರುಗಿ ಮುಖ ನೋಡಬೇಕು. ನಾನು ತಿರುಗಲಿಲ್ಲ, ಸವಾಕೊ. ಅದು ಯಾವುದಾಗಿತ್ತು, ಬರೆ. ನನಗೆ ಸಮಾಧಾನವಾಗಲಿ ಎಂದು ಮಾತ್ರ ನಗು ಅಂತ ಬರೆಯಬೇಡ.